ಡಬ್ಬಿಯಣ್ಣನ ಉಚ್ಚಾಟನೆ

ಒಂದೇ ಗೋದಾಮಿಗೆ ಇಬ್ಬರು ಮ್ಯಾನೇಜರುಗಳೇ? ಇದನ್ನು ಸಹಿಸುವ ಗಂಡಸು ಬೇರೆ ಯಾರಾದರೂ ಇರಬಹುದು, ನಮ್ಮ ಗೋದಾಮು ಮ್ಯಾನೇಜರು ಅಲ್ಲ. ಹಗಲೆಲ್ಲ ಟೈರು-ಟ್ಯೂಬುಗಳ ಸಾಮ್ರಾಜ್ಯವನ್ನು ಏಕಾಂಗಿಯಾಗಿ ಆಳುವವರು ಅವರು. ಮನೆಯ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ತರಿಸಿ ಹಾಕಲು, ಬೇಡವಾದ್ದನ್ನು ತೆಗೆಯಲು ಪ್ಯಾಕೇಜ್ ಮ್ಯಾನೇಜರ್ ಎಂಬ ಎರಡೆರಡು ಪ್ರೋಗ್ರಾಮುಗಳಿರುವುದು ಅವರಿಗೆ ಆ ಭಾನುವಾರ ಗೊತ್ತಾಯಿತು. ಮೈಯೆಲ್ಲ ಉರಿದುಹೋಯಿತು.

ಕೂಡಲೇ ತುಲನಾತ್ಮಕ ಅಧ್ಯಯನ ಆರಂಭವಾಯಿತು. (ಹೆಂಡತಿ ಅದನ್ನು ಕೆಲಸವಿಲ್ಲದವರ ಕೆಲಸ ಎಂದಳು.) ಮೊದಲನೆಯವನು ಹಳಬ, ಕಂಪ್ಯೂಟರಿನ ಜೊತೆಗೇ ಬಂದವನು. ಒಂದು ಸಾಫ್ಟ್‌ವೇರ್ ಕೇಳಿದರೆ ಅದಕ್ಕೆ ಬೇಕಾದ ಅತ್ತೆ, ಮಾವ, ಭಾವಮೈದುನರನ್ನೆಲ್ಲ ಕರೆತರುತ್ತಾನೆ. ಆದರೆ ಬಂದವರೆಲ್ಲ ಒಂದೇ ಅಡುಗೆಮನೆಯಲ್ಲಿ ಹೊಂದಿಕೊಳ್ಳುತ್ತಾರೆ. ಎರಡನೆಯವನು ತರುವ ಒಂದೊಂದಕ್ಕೂ ಬೇರೆ ಡಬ್ಬಿ, ಡಬ್ಬಿಯೊಳಗೇ ಅದರ ಬೇರೆ ಸಂಸಾರ. ಸರಕು ಹೊಸದು, ನಿಜ. ಆದರೆ ಜಾಗ ನುಂಗುತ್ತದೆ. ಜಾಗ ನುಂಗುವವರನ್ನು ಕಂಡರೆ ಮ್ಯಾನೇಜರಿಗೆ ಆಗದು. ಆ ಎರಡನೆಯವನಿಗೆ ಡಬ್ಬಿಯಣ್ಣ ಎಂದು ಹೆಸರಿಟ್ಟು, ಅವನು ತಂದ ಸರಕಿನ ಸಮೇತ ಕಿತ್ತೊಗೆದರು.

ಆ ಸರಕಿನಲ್ಲಿ ಹೆಂಡತಿಯ ಕಸೂತಿ ಸಾಫ್ಟ್‌ವೇರೂ ಇತ್ತು. ಒಂದು ಶಾಲೆಯ ಸಮವಸ್ತ್ರಗಳಿಗೆಲ್ಲ ಲಾಂಛನ ಹಾಕುವ ಕೆಲಸ ಅವಳಿಗೆ ಸಿಕ್ಕಿತ್ತು, ಅವಳ ಮೊದಲ ದೊಡ್ಡ ಕೆಲಸ. ಸಂಜೆಯೊಳಗೆ ಶಾಲೆಯ ದರ್ಜಿಗೆ ವಿನ್ಯಾಸ ಕಳಿಸದಿದ್ದರೆ ಅದು ಬೇರೆಯವರ ಪಾಲು. ಮಧ್ಯಾಹ್ನ ಅವಳು ಬಂದು ಕುಳಿತಾಗ ವಿನ್ಯಾಸದ ಫೈಲೇನೋ ಇತ್ತು, ತೆರೆಯುವ ಸಾಫ್ಟ್‌ವೇರೇ ನಾಪತ್ತೆ.

ಮ್ಯಾನೇಜರು ಜಗ್ಗಲಿಲ್ಲ. ಹಳಬನಿಂದ ಅದೇ ಸಾಫ್ಟ್‌ವೇರ್ ತರಿಸಿದರು. ಹಳಬ ತಂದದ್ದು ಹಳೆಯ ಕಾಲದ್ದು. ಹೊಸ ಫೈಲನ್ನು ತೆರೆಯಲಾರೆ ಎಂದಿತು.

"ಡಬ್ಬಿಯಣ್ಣನ್ನ ವಾಪಸ್ ಕರೀರಿ," ಎಂದಳು ಹೆಂಡತಿ.

"ವಜಾ ಮಾಡಿದವನನ್ನ ನಾನು ಜನ್ಮದಲ್ಲಿ ವಾಪಸ್ ಕರೆದಿಲ್ಲ."

"ನನ್ನ ಕೆಲಸ ಕೈತಪ್ಪತ್ತೆ."

"ತಪ್ಪಲ್ಲ. ನಾನೇ ಅದನ್ನ ಮೂಲದಿಂದ ಕಟ್ಟಿಕೊಡ್ತೀನಿ."

ಮೂಲದಿಂದ ಕಟ್ಟುವುದೆಂದರೆ ಸಾಫ್ಟ್‌ವೇರಿನ ಬಿಡಿಭಾಗಗಳನ್ನೆಲ್ಲ ತರಿಸಿ ಮನೆಯಲ್ಲೇ ಜೋಡಿಸುವುದು. ಪರದೆಯ ಮೇಲೆ ಅಕ್ಷರಗಳು ಹರಿದವು, ನಿಂತವು, ಕೆಂಪಾದವು. ಇದೋ ಆಯ್ತು, ಇದೋ ಆಯ್ತು ಎನ್ನುತ್ತಲೇ ಬಿಸಿಲು ಇಳಿಯಿತು. ಶಾಲೆಯ ದರ್ಜಿ ಫೋನು ಮಾಡಿದ. ಅವಳು ಬಾಲ್ಕನಿಗೆ ಹೋಗಿ ಇನ್ನಷ್ಟು ಹೊತ್ತು ಬೇಡಿಕೊಂಡು ಬಂದಳು, ಕಣ್ಣು ತುಂಬಿತ್ತು. ಅದನ್ನು ಕಂಡು ಮ್ಯಾನೇಜರಿಗೆ ಪಾಪ ಎನಿಸಿತು. ಆದರೂ ಸಿದ್ಧಾಂತ ಸಿದ್ಧಾಂತವೇ. ಮುಖ ತೊಳೆದು ಬಂದು ಮತ್ತೆ ಹೋರಾಡೋಣವೆಂದು ಎದ್ದು ಹೋದರು.

ಟವೆಲ್ ಹಿಡಿದು ಬರುವಷ್ಟರಲ್ಲಿ ಲಾಂಛನ ಪರದೆಯ ತುಂಬ ತೆರೆದಿತ್ತು. ಅವಳು ಡಬ್ಬಿಯಣ್ಣನನ್ನು ಸಕಲ ಮರ್ಯಾದೆಗಳೊಂದಿಗೆ ಮರುನೇಮಕ ಮಾಡಿದ್ದಳು. ವಿನ್ಯಾಸ ಹೋಯಿತು, ದರ್ಜಿ ಒಪ್ಪಿಕೊಂಡ, ಕೆಲಸ ಉಳಿಯಿತು. ಮ್ಯಾನೇಜರಿಗೂ ಒಳಗೊಳಗೇ ನಿರಾಳವಾಯಿತು. ಆದರೆ ಅದನ್ನು ತೋರಿಸಿಕೊಳ್ಳಲುಂಟೇ? ನಿನ್ನ ಕೆಲಸ ಮುಗೀತಲ್ಲ, ಈಗ ಅವನನ್ನು ಮತ್ತೆ ತೆಗೆಯುತ್ತೇನೆ ಎಂದು ಘೋಷಿಸಿದರು.

"ಧಾರಾಳವಾಗಿ ತೆಗೀರಿ," ಎಂದು ಅವಳು ಕುರ್ಚಿ ಬಿಟ್ಟುಕೊಟ್ಟಳು.

ಮ್ಯಾನೇಜರು ಅಂಗಿಯ ತೋಳು ಮಡಚಿ ಕುಳಿತು ಉಚ್ಚಾಟನೆಯ ಆಜ್ಞೆ ಟೈಪು ಮಾಡಿದರು. ನಿಮಗೆ ಈ ಅಧಿಕಾರವಿಲ್ಲ, ಮೇಲ್ವಿಚಾರಕರನ್ನು ಕೇಳಿ ಎಂದಿತು ಕಂಪ್ಯೂಟರು. ಪರದೆಯಲ್ಲಿ ತಮ್ಮ ಹೆಸರಿರಬೇಕಾದ ಮೂಲೆಯನ್ನು ನೋಡಿದರು. ಅಲ್ಲಿ 'ಅತಿಥಿ' ಎಂದಿತ್ತು. ಮೇಲ್ವಿಚಾರಕರ ಜಾಗದಲ್ಲಿ ಹೆಂಡತಿಯ ಹೆಸರಿತ್ತು.

ಹೆಂಡತಿ ಹೊಲಿಗೆಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು.

"ನಾನು ಯಾರನ್ನೂ ಕೇಳಲ್ಲ," ಎಂದರು ಮ್ಯಾನೇಜರು.

"ಕೇಳ್ಬೇಡಿ. ಅತಿಥಿಗಳು ಟೀ ತಗೋತೀರಾ?"

"ಬೇಡ," ಎಂದರು ಎದೆ ಸೆಟೆಸಿ. ಅತಿಥಿಗಳು ಬೇಡವೆಂದರೂ ಮನೆಯವರು ಇನ್ನೊಮ್ಮೆ ಒತ್ತಾಯಿಸುತ್ತಾರೆ ಎಂದು ಕಾದರು. ಅವಳು ತನಗೊಬ್ಬಳಿಗೇ ಮಾಡಿಕೊಂಡಳು.