ಭಾವ ಹಿಡಿದ ಯುಕ್ಕಾ ಪತಂಗ

ನನ್ನ ಭಾವ ದೊಡ್ಡ ವಿಜ್ಞಾನಿ! ಇಡೀ ದುಬೈಯಲ್ಲಿ ಇಲ್ಲದ ಪತಂಗವನ್ನು ಅವರು ತಮ್ಮ ಅಂಗಳದಲ್ಲೇ ಹಿಡಿದವರು. ಹೊಟ್ಟೆಪಾಡಿಗೆ ಕಾರ್ಗೋ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದರು ಎಂಬುದು ಬೇರೆ ಮಾತು.

ಮಿರ್ದಿಫ್‌ನ ಬಾಡಿಗೆ ಮನೆಯ ಅಂಗಳದಲ್ಲಿ ಅಕ್ಕ ಯುಕ್ಕಾ ಗಿಡ ನೆಟ್ಟಿದ್ದಳು. ಕತ್ತಿಯಂಥ ಎಲೆ, ನಡುವೆ ಬಿಳಿ ಹೂಗೊಂಚಲು. ಹೂ ಅರಳುತ್ತಿತ್ತು, ಉದುರುತ್ತಿತ್ತು, ಕಾಯಿ ಮಾತ್ರ ಇಲ್ಲ. ಪ್ರತಿ ಸಲವೂ ಅಕ್ಕನ ಮುಖ ಸಪ್ಪಗಾಗುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗದ ಅವಳು ಆ ಗಿಡದ ಮುಂದೆ ಏನು ಯೋಚಿಸುತ್ತಾಳೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಭಾವ ಇಂಟರ್ನೆಟ್ ಜಾಲಾಡಿದರು. ಯುಕ್ಕಾ ಕಾಯಿ ಕಟ್ಟಬೇಕಾದರೆ ಅಮೆರಿಕದ ಒಂದು ಪುಟ್ಟ ಬಿಳಿ ಪತಂಗವೇ ಬಂದು ಪರಾಗ ಮುಟ್ಟಿಸಬೇಕಂತೆ. ವೀಸಾ ಇಲ್ಲದೆ ಅದು ಇಲ್ಲಿಗೆ ಬರುವುದಾದರೂ ಹೇಗೆ?

ಒಂದು ಸಂಜೆ ಭಾವನ ಫೋನ್ ಬಂತು. "ಸಿಕ್ಕಿತು ಮಾರಾಯ! ಯಲ್ಲಾ, ಬೇಗ ಬಾ!"

ನಾನಿದ್ದ ಅಲ್ ಕುಸೈಸ್‌ನಿಂದ ಓಡಿದೆ. ಉಪ್ಪಿನಕಾಯಿ ಬಾಟಲಿಯೊಳಗೆ ಪತಂಗವೊಂದು ಪಟಪಟ ಹೊಡೆದುಕೊಳ್ಳುತ್ತಿತ್ತು.

"ಭಾವ, ಇದು ಬೂದು ಬಣ್ಣ ಉಂಟಲ್ಲ?"

"ಮರುಭೂಮಿಯ ಧೂಳು! ನೀನು ಊರಿಂದ ಬರುವಾಗ ಎಷ್ಟು ಬೆಳ್ಳಗೆ ಇದ್ದಿ, ಈಗ ನೋಡು!"

ಫೋಟೋ ಮೊದಲು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋಯಿತು. ಉಡುಪಿಯ ಚಿಕ್ಕಮ್ಮ ಕೈಮುಗಿದ ಚಿತ್ರ ಕಳಿಸಿದರು. ಆಮೇಲೆ ಕೀಟ ಬಲ್ಲವರ ಗ್ರೂಪಿಗೆ ಹೋಯಿತು. ಅಲ್ಲಿಂದ ಉತ್ತರ ಬಂತು: ಇದು ಯುಕ್ಕಾ ಪತಂಗವಲ್ಲ, ಅಕ್ಕಿಯ ಪತಂಗ. ಮನೆಯಲ್ಲಿ ಹಳೇ ಅಕ್ಕಿ ಇದೆಯೇ ನೋಡಿ.

ಇರದೆ? ಇಲ್ಲಿಯ ಕುಚ್ಚಲಕ್ಕಿಗೆ ರುಚಿಯಿಲ್ಲವೆಂದು ಭಾವ ಪ್ರತಿ ರಜೆಯಲ್ಲೂ ಊರಿಂದ ಹೊತ್ತು ತಂದದ್ದು ಅಂಗಳದ ಸ್ಟೋರ್ ರೂಮಿನಲ್ಲಿತ್ತು. ಬಾಗಿಲು ತೆರೆದರೆ ಪತಂಗಗಳ ಮೆರವಣಿಗೆ!

"ಖಲಾಸ್! ನಿಮ್ಮ ಅಮೆರಿಕದವರು ನಮ್ಮ ಅಕ್ಕಿ ತಿಂದು ಮುಗಿಸಿದ್ರು," ಎಂದು ಅಕ್ಕ ಮೊರ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು.

ಆ ಶುಕ್ರವಾರ, ಊರಿಂದ ಬಂದಿದ್ದ ಭಾವನ ಸೋದರತ್ತೆ ಊಟಕ್ಕೆ ಕುಳಿತವರು ಕಿಟಕಿಯಾಚೆ ನೋಡಿ ಅಂದರು: "ಕಾಯಿ ಆಗದ ಗಿಡಕ್ಕೆ ನೀರು ಎಂತಕ್ಕೆ ಹೊಯ್ಯುದು? ಕಡಿದು ನುಗ್ಗೆ ನೆಡು."

ಅಕ್ಕನ ಕೈಯ ಸೌಟು ನಿಂತುಬಿಟ್ಟಿತು. ಭಾವ ಏನಾದರೂ ತಮಾಷೆ ಮಾಡಿ ಮಾತು ಹಾರಿಸುತ್ತಾರೆಂದು ಕಾದೆ. ಮಾಡಲಿಲ್ಲ.

"ಅದು ಹಾಗೇ ಇರ್ಲಿ ಅತ್ತೆ. ನನಗೆ ಅದರಿಂದ ಎಂತದೂ ಕಡಿಮೆ ಆಗ್ಲಿಲ್ಲ," ಎಂದರು. ಹೇಳಿದ್ದು ಅತ್ತೆಗೆ, ನೋಡಿದ್ದು ಅಕ್ಕನನ್ನು.

ಅಕ್ಕ, ಭಾವ ಕೇಳದೆಯೇ, ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವಳ ಕಣ್ಣು ತುಂಬಿತ್ತು. ನನ್ನದೂ.