ಜೇಬಿರುವ ಚೀಲ

“ಇನ್ನು ಹದಿನೈದೇ ದಿನ! ಆಮೇಲೆ ನಮ್ಮ ರಸ್ತೆಗೆ ಒಂದೇ ಒಂದು ಪ್ಲಾಸ್ಟಿಕ್ ಕವರ್ ಕಾಲಿಟ್ಟರೂ ನನ್ನ ಹೆಸರು ಶಿವರಾಮ್ ಅಲ್ಲ!”

ವಿದ್ಯಾರಣ್ಯಪುರದ ನಿವಾಸಿಗಳ ಸಂಘದ ಸಭೆಯಲ್ಲಿ ಅಧ್ಯಕ್ಷರಾದ ನಿವೃತ್ತ ಡ್ರಿಲ್ ಮೇಷ್ಟ್ರು ಹೀಗೆ ಗರ್ಜಿಸಿದಾಗ ಭಾರೀ ಚಪ್ಪಾಳೆ ಬಿತ್ತು. ಅದು 2016. ಸರ್ಕಾರವೇನೋ ಕವರ್ ನಿಷೇಧಿಸಿತ್ತು. ತರಕಾರಿ ಗಾಡಿಯ ಬೈರಮ್ಮ ಮಾತ್ರ ನಾಲ್ಕು ಮೆಣಸಿನಕಾಯಿಗೂ ಒಂದು ಕವರ್ ಕೊಡುತ್ತಿದ್ದಳು. ಹಳೇ ಬಟ್ಟೆಯಲ್ಲಿ ಚೀಲ ಹೊಲಿಸಿ ಮನೆಮನೆಗೂ ಹಂಚುವುದೆಂದು ತೀರ್ಮಾನವಾಯಿತು. ಮೊದಲ ಕಂತು ಅಧ್ಯಕ್ಷರದ್ದೇ!

“ರೀ, ಹಳೇ ಬಟ್ಟೆ ಗಂಟು ಮಂಚದ ಕೆಳಗಿದೆ. ಹಾಲ್‌ನಲ್ಲಿರೋದನ್ನ ಮುಟ್ಬೇಡಿ, ಅದು ಇಸ್ತ್ರಿಗೆ!” ಎಂದು ಹೆಂಡತಿ ಧನಲಕ್ಷ್ಮಿ ಅಡುಗೆಮನೆಯಿಂದ ಕೂಗಿದರು. ಮಿಕ್ಸಿ ಅಬ್ಬರಿಸುತ್ತಿತ್ತು. ಮೇಷ್ಟ್ರ ಕಿವಿಗೆ ಬಿದ್ದದ್ದು ‘ಹಳೇ ಬಟ್ಟೆ ಗಂಟು’ ಮತ್ತು ‘ಹಾಲ್’ ಎರಡೇ.

ಟೈಲರ್ ಮೊಯಿನುದ್ದೀನ್ ಗಂಟು ಬಿಚ್ಚಿ ಕಣ್ಣರಳಿಸಿದ. “ಸಾರ್, ಪ್ಯಾಂಟೆಲ್ಲಾ ಹೊಸದರ ಥರ ಇದೆಯಲ್ಲಾ?”

ಮೇಷ್ಟ್ರು ಗಂಟಿನತ್ತ ತಿರುಗಿಯೂ ನೋಡಲಿಲ್ಲ. “ಸಮಾಜಸೇವೆಗೆ ಹರಕಲು ಕೊಡೋಕಾಗುತ್ತೇನಪ್ಪಾ? ಹಾಕು ಕತ್ತರಿ!”

ಆರು ಪ್ಯಾಂಟಿನಿಂದ ಹನ್ನೆರಡು ಚೀಲ ಹುಟ್ಟಿದವು. ಒಂದೊಂದಕ್ಕೂ ಜೇಬು ಬೇರೆ! ಭಾನುವಾರ ಬೆಳಗ್ಗೆ, ಟ್ರ್ಯಾಕ್ ಪ್ಯಾಂಟಿನಲ್ಲಿದ್ದ ಮೇಷ್ಟ್ರು ಗಾಡಿಯ ಪಕ್ಕ ನಿಂತು ಹಂಚಿದ್ದೇ ಹಂಚಿದ್ದು. ಅರ್ಧ ಗಂಟೆಯಲ್ಲಿ ಎಲ್ಲ ಖಾಲಿ.

ಕೊತ್ತಂಬರಿಗೆಂದು ಬಂದ ಧನಲಕ್ಷ್ಮಿ, ಎದುರುಮನೆ ಖುರ್ಷೀದ್ ಕೈಯಲ್ಲಿದ್ದ ಕಾಫಿ ಬಣ್ಣದ ಚೀಲ ನೋಡಿ ಅಲ್ಲೇ ನಿಂತುಬಿಟ್ಟರು.

“ರೀ... ಅದು ಇವತ್ತು ನಿಮ್ಮ ತಂಗಿ ಮಗಳ ನಿಶ್ಚಿತಾರ್ಥಕ್ಕೆ ಹಾಕ್ಕೊಳ್ಬೇಕಾದ ಪ್ಯಾಂಟಲ್ವಾ?”

ಮೇಷ್ಟ್ರ ಮುಖ ಮೂಲಂಗಿಯಷ್ಟು ಬಿಳುಪಾಯಿತು. “ಹಾಗಾದ್ರೆ... ಉಳಿದ ಐದು?”

“ಅವೂ ನಿಮ್ಮವೇ! ಇದ್ದಬದ್ದವೆಲ್ಲಾ ನಿಮ್ಮವೇ!”

ಕೆಂಪಾಪುರದಲ್ಲಿ ಹನ್ನೊಂದಕ್ಕೆ ನಿಶ್ಚಿತಾರ್ಥ. ಒಂದು ಪ್ಯಾಂಟಿನ ಎರಡು ಚೀಲವಾದರೂ ಸಿಕ್ಕರೆ ಮೊಯಿನುದ್ದೀನ್ ಹೇಗೋ ಕೂಡಿಸಿಯಾನು ಎಂದುಕೊಂಡು ಮೇಷ್ಟ್ರು ಖುರ್ಷೀದ್ ಬಳಿ ಓಡಿದರು.

“ಅಮ್ಮಾ, ಆ ಚೀಲ ಸ್ವಲ್ಪ...”

“ತುಂಬಾ ಚೆನ್ನಾಗಿದೆ ಅಣ್ಣಾ! ಜೇಬಲ್ಲಿ ಚಿಲ್ಲರೆ, ಒಳಗೆ ಐದು ಕೇಜಿ ಈರುಳ್ಳಿ. ಇನ್ಮೇಲೆ ನಮ್ಮನೇಗೆ ಕವರ್ರೇ ಬೇಡ!”

“ಬಟ್ಟೆ ಅಂದ್ರೆ ಇಂಗಿರ್ಬೇಕು ಸೋಮಿ,” ಎಂದು ಬೈರಮ್ಮ ದನಿಗೂಡಿಸಿದಳು. “ಬೆಳಗ್ಗಿಂದ ಒಂದು ಕವರ್ರೂ ಕರ್ಚಾಗಿಲ್ಲ, ನೋಡ್ರಿ!”

ಮೇಷ್ಟ್ರು ನೋಡಿದರು. ಕವರಿನ ಕಟ್ಟು ಬಿಚ್ಚದೆ ಗಾಡಿಯ ಮೂಲೆಯಲ್ಲಿ ಬಿದ್ದಿತ್ತು. ರಸ್ತೆಯುದ್ದಕ್ಕೂ ತಮ್ಮ ಹನ್ನೆರಡು ಕಾಲುಗಳೂ ತರಕಾರಿ ತುಂಬಿಕೊಂಡು ಗಂಭೀರವಾಗಿ ಮನೆ ಸೇರುತ್ತಿದ್ದವು. ಚೀಲಕ್ಕೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅಷ್ಟೇ ಅಲ್ಲ, ಎದೆಯೊಳಗೆ ಸಣ್ಣ ಖುಷಿಯೂ ಎದ್ದಿತು.

ಕೊನೆಗೆ ಜರಿಪಂಚೆ ಉಟ್ಟು, ಎಡವುತ್ತಾ ಬಸ್‌ಸ್ಟಾಪಿನತ್ತ ಹೊರಟರು. ಅಂಗಡಿ ಬಾಗಿಲಲ್ಲಿ ನಿಂತಿದ್ದ ಮೊಯಿನುದ್ದೀನ್ ಪಂಚೆಯನ್ನೇ ಮೇಲಿಂದ ಕೆಳಗೆ ನೋಡಿ, ಕೊರಳಿನ ಟೇಪು ಇಳಿಸಿದ.

“ಸಾರ್, ಇದರಲ್ಲಿ ಆರು ಚೀಲ ಆರಾಮಾಗಿ ಆಗುತ್ತೆ. ಯಾವಾಗ ಬಿಚ್ಚಿಕೊಡ್ತೀರಾ?”