ಡೊಂಬಿವಲಿಯ ಗಾಳಿ ಅಳೆಯುವ ಕೆಲಸ

ಗಾಳಿಯಲ್ಲಿ ತೇಲುವ ಸಣ್ಣ ಕಣಗಳನ್ನು ಹಿಡಿದು ಅಳೆಯುವುದು ನನ್ನ ಕೆಲಸ. ಮೋಡ ಕಟ್ಟುವುದು ಇಂಥ ಕಣಗಳ ಸುತ್ತಲೇ. ನಾನು ಕಳಿಸಿದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ಮುಂದೆ ಹವಾಮಾನ ಹೇಗಿರುತ್ತದೆಂದು ದೊಡ್ಡವರು ಲೆಕ್ಕ ಹಾಕುತ್ತಾರೆ. ಈ ಕೆಲಸದಲ್ಲಿ ನಗಿಸುವ ಸಂಗತಿಗಳಿಗೆ ಬರವಿಲ್ಲ. ನಕ್ಕರೆ ಕೆಮ್ಮು ಬರುತ್ತದೆ, ಅಷ್ಟೇ.

ಸೆಕ್ರೆಟರಿಯ ಷರತ್ತು

ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯ ಟೆರೇಸಿನಲ್ಲಿ ಯಂತ್ರ ಇಡಲು ಅನುಮತಿ ಕೇಳಹೋದೆ. ಸೆಕ್ರೆಟರಿ ಉಡುಪಿ ಕಡೆಯವರು, ನಮ್ಮವರೇ ಎಂಬ ಧೈರ್ಯ.

"ಗಾಳಿ ಹಾಳು ಅಂತ ಬಂದ್ರೆ ನಮ್ಮ ಬಿಲ್ಡಿಂಗ್ ಹೆಸರು ಬರೀತೀರಾ ಮಾರಾಯ್ರೆ?"

"ಯಂತ್ರ ಎಲ್ಲಿದೆ ಅಂತ ಬರೀಲೇಬೇಕಲ್ಲ."

ಅವರು ಸ್ವಲ್ಪ ಯೋಚಿಸಿದರು. "ಒಂದು ಕೆಲಸ ಮಾಡಿ. ಯಂತ್ರ ಇಲ್ಲೇ ಇರಲಿ. ಎದುರಿನ ಸೊಸೈಟಿ ಹೆಸರು ಬರೀರಿ. ಗಾಳಿ ಆ ಕಡೆಯಿಂದಲೇ ಬರೋದು."

ನಾಜೂಕು

ಅಲ್ಲೇ ಹತ್ತಿರದ ಶಹಾಡಿನಲ್ಲಿ ಒಂದು ಗೋದಾಮಿನ ಮೇಲೆ ಇನ್ನೊಂದು ಯಂತ್ರವಿತ್ತು. ಇವತ್ತು ಬಿಳಿ ಫಿಲ್ಟರ್ ಹಾಕಿದರೆ ನಾಳೆಗೆ ಕಾಡಿಗೆ ಬಳಿದಂತೆ ಕಪ್ಪು. ಕೆಳಗೆ ಮೂಟೆ ಹೊರುವ ಕಲಬುರಗಿಯ ಹಮಾಲನೊಬ್ಬ ಮೇಲೆ ಬಂದು ನೋಡುತ್ತ ನಿಂತ.

"ಇದನ್ನ ದಿನಾ ಬದಲಿ ಮಾಡಬೇಕೇನ್ರಿ?"

"ಹೌದು. ಇಲ್ಲದಿದ್ರೆ ಯಂತ್ರ ಕೆಡುತ್ತೆ."

ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ನಂದು ಹನ್ನೆರಡು ವರ್ಷ ಆತ್ರಿ, ಒಮ್ಮೆನೂ ಬದಲಿ ಮಾಡಿಲ್ಲ. ಹಂಗೇ ನಡದದ. ನಿಮ್ಮ ಮಷೀನು ಭಾಳ ನಾಜೂಕ್ ಬಿಡ್ರಿ."

ರಿಪೇರಿ

ಒಮ್ಮೆ ಡೊಂಬಿವಲಿಗೆ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಅದಕ್ಕೆಂದು ನಾಲ್ಕು ದಿನ ಕೆಮಿಕಲ್ ಕಾರ್ಖಾನೆಗಳನ್ನು ಮುಚ್ಚಿಸಿ, ಟ್ಯಾಂಕರ್ ನೀರಿನಲ್ಲಿ ರಸ್ತೆ ತೊಳೆಸಿದರು. ಯಂತ್ರದ ಅಂಕಿ ಸರ್ರನೆ ಇಳಿಯಿತು. ಅಲ್ಲೇ ಇರುವ ನಮ್ಮ ಮನೆಯಲ್ಲಿ ಉಬ್ಬಸದ ಅಮ್ಮ, ವರ್ಷಗಳ ನಂತರ ಕಿಟಕಿ ತೆರೆದಿಟ್ಟು, ಉಬ್ಬಸದ ಔಷಧಿಯ ಪಂಪು ಮುಟ್ಟದೆ ಮಧ್ಯಾಹ್ನ ನಿದ್ದೆ ಮಾಡಿದಳು. ಅವಳ ಉಸಿರಿನಲ್ಲಿ ಸಿಳ್ಳೆ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಕೇಳುತ್ತಲೇ ಇದ್ದೆ.

ನವಿ ಮುಂಬಯಿಯ ಆಫೀಸಿನಿಂದ ನಮ್ಮ ಸರ್ ಫೋನ್ ಮಾಡಿದರು. "ನಿನ್ನ ಯಂತ್ರ ಕೆಟ್ಟಿದೆ."

"ಇಲ್ಲ ಸರ್, ಗಾಳಿ ಚೆನ್ನಾಗಿದೆ."

"ಎಲ್ಲಿ?"

"ಡೊಂಬಿವಲಿಯಲ್ಲಿ."

"ಯಂತ್ರ ಬಿಚ್ಚಿ ರಿಪೇರಿಗೆ ಕಳಿಸು. ಈ ನಾಲ್ಕು ದಿನದ ಅಂಕಿ ಅಳಿಸಿಬಿಡು."

ಅಳಿಸಿದೆ. ರಿಪೇರಿಯವನು ಏನೂ ಆಗಿಲ್ಲವೆಂದು ಒರೆಸಿ ವಾಪಸ್ ಕೊಟ್ಟ. ಅಷ್ಟರಲ್ಲಿ ಸಾಹೇಬರು ಬಂದು ಹೋಗಿದ್ದರು, ಕಾರ್ಖಾನೆಗಳು ಶುರುವಾಗಿದ್ದವು, ಅಮ್ಮ ಕಿಟಕಿ ಮುಚ್ಚಿ ಪಂಪು ಹಿಡಿದಿದ್ದಳು. ಅಂಕಿ ಮೊದಲಿನಷ್ಟೇ ಮೇಲೇರಿತು.

ಸರ್ ಮತ್ತೆ ಫೋನ್ ಮಾಡಿದರು. "ನೋಡಿದೆಯಾ? ರಿಪೇರಿ ಆದ್ಮೇಲೆ ಎಷ್ಟು ಚೆನ್ನಾಗಿ ನಡೀತಿದೆ."